ಹೊತ್ತೊಯ್ಯುವ ಕಂಪ್ಯೂಟರ್ ಪೆಟ್ಟಿಗೆ: ಮಂಡ್ಯದ ನಾಲ್ಕು ತಾಲ್ಲೂಕುಗಳಲ್ಲಿ

ಮದರ್‌ಬೋರ್ಡ್, ಪ್ರೊಸೆಸರ್, ಹಾರ್ಡ್‌ಡಿಸ್ಕ್, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಇಷ್ಟನ್ನೂ ಒಳಗಿಟ್ಟುಕೊಂಡ ತಗಡಿನ ಕ್ಯಾಬಿನೆಟ್ಟು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ರೈತರಿಗೆ ಪರಿಚಯವಾದದ್ದು ಬಹುಮಟ್ಟಿಗೆ ತಾಲ್ಲೂಕು ಕಚೇರಿಯಲ್ಲಿ, 2000ದ ಆಸುಪಾಸಿನಲ್ಲಿ. ಅದು ಎತ್ತರದ, ಭಾರದ, ಇಟ್ಟ ಜಾಗ ಬಿಟ್ಟು ಕದಲದ ಪೆಟ್ಟಿಗೆ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ, ಆದರೂ ಕಸುವಿಗೆ ಕಡಿಮೆಯಿಲ್ಲದ ಪೆಟ್ಟಿಗೆ ಬೇಕೆನ್ನುವ ಯೋಚನೆ ಈ ಕಡೆ ಬಂದದ್ದು ಇನ್ನೂ ತಡವಾಗಿ, ಅದೂ ಕಚೇರಿಯಿಂದಲ್ಲ, ಮದುವೆ ಮನೆಯಿಂದ.

ಲೆಕ್ಕ ಬರೆಯುವ ಸಾಧನ ಮೊದಲಿನಿಂದಲೂ ಹೀಗೆ ಒಂದೆಡೆ ಕುಳಿತಿರಲಿಲ್ಲ. ಶ್ರೀರಂಗಪಟ್ಟಣ ಮೈಸೂರು ಅರಸರ ರಾಜಧಾನಿಯಾಗಿದ್ದ 1610ರಿಂದ 1799ರವರೆಗಿನ ಕಾಲದಲ್ಲಿ, ಆಮೇಲೂ ಬಹಳ ದಿನ, ಶಾನುಭೋಗರೂ ವರ್ತಕರೂ ಕಡತದಲ್ಲಿ ಲೆಕ್ಕ ಇಡುತ್ತಿದ್ದರು. 1803ರಿಂದ ಕೆಲವು ವರ್ಷ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಅದರ ರಚನೆಯನ್ನು ವಿವರವಾಗಿ ಬರೆದಿದ್ದಾನೆ. ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿಗೆ ಎರಡೂ ಕಡೆ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿಯುವುದು. ಒಣಗಿದ ಮೇಲೆ ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚುವುದು. ಎರಡು ಕೊನೆಗೂ ಬಣ್ಣ ಹಚ್ಚಿದ ಮರದ ಹಲಗೆ ಕೂರಿಸುವುದು. ಬರೆಯಲು ಬಳಪ, ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದು. ಕೆಲಸ ಮುಗಿದ ಮೇಲೆ ದಾರದಲ್ಲಿ ಕಟ್ಟಿ, ಇಲ್ಲವೇ ರೇಷ್ಮೆಯ ಅಥವಾ ಹತ್ತಿಯ ಚೀಲಕ್ಕೆ ಸೇರಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೊರಡುವುದು. ಬಿಡಿಸಿದರೆ ಆಳೆತ್ತರಕ್ಕಿಂತ ಉದ್ದವಾಗುವ ದಾಖಲೆ ಮಡಚಿದಾಗ ಒಂದು ಪುಸ್ತಕದಷ್ಟೇ.

1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ಬಟ್ಟೆಯ ಕಡತ ಹೋಗಿ ಕಾಗದದ ಪಹಣಿ ಪುಸ್ತಕವಾಗಿತ್ತು, ನಿಜ. ಆದರೂ ದಾಖಲೆ ಓಡಾಡುತ್ತಲೇ ಇತ್ತು. ಅದನ್ನು ಒಂದು ಕಡೆ ಕಟ್ಟಿಹಾಕಿದ್ದು ಕಂಪ್ಯೂಟರು. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯ ಪ್ರಾಯೋಗಿಕ ಕೆಲಸ ನಡೆದ ತಾಲ್ಲೂಕುಗಳಲ್ಲಿ ಇದೇ ಜಿಲ್ಲೆಯ ಮದ್ದೂರೂ ಒಂದು. ಕೆಲವೇ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಮೊದಮೊದಲು ಹದಿನೈದು ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುತ್ತಿತ್ತು. ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೂ ಇತ್ತು, ಒಳಗೆ ಏನು ನಡೆಯುತ್ತಿದೆ ಎಂದು ಅವನೂ ನೋಡಲೆಂದು. ಬಹಳ ಜನರ ನೆನಪಿನಲ್ಲಿ ಉಳಿದದ್ದು ಆ ಪರದೆ. ಕ್ಯಾಬಿನೆಟ್ಟು ಮೇಜಿನ ಕೆಳಗೆ ಧೂಳು ತಿನ್ನುತ್ತಾ ನಿಂತಿತ್ತು.

ಆ ಎತ್ತರದ ಕ್ಯಾಬಿನೆಟ್ಟಿನ ಆಕಾರಕ್ಕೆ ಕಾರಣ ಇಂಟೆಲ್ ಕಂಪನಿ 1995ರಲ್ಲಿ ಹೊರತಂದ ಎಟಿಎಕ್ಸ್ ಅಳತೆ. ಮದರ್‌ಬೋರ್ಡ್ 305×244 ಮಿ.ಮೀ., ಎಸ್‌ಎಂಪಿಎಸ್‌ನ ಅಗಲ 150, ಎತ್ತರ 86 ಮಿ.ಮೀ. ಎಂದು ಗೊತ್ತಾದ ಮೇಲೆ ಯಾವ ಕಂಪನಿಯ ಬಿಡಿಭಾಗವೂ ಯಾವ ಪೆಟ್ಟಿಗೆಯಲ್ಲೂ ಕೂರುವಂತಾಯಿತು. ಸಣ್ಣ ಊರುಗಳಲ್ಲಿ ಅಸೆಂಬಲ್ಡ್ ಕಂಪ್ಯೂಟರಿನ ವ್ಯಾಪಾರ ನಿಂತಿರುವುದೇ ಈ ಒಪ್ಪಂದದ ಮೇಲೆ. ಡಿಟಿಪಿ ಅಂಗಡಿ, ಜೆರಾಕ್ಸ್ ಅಂಗಡಿ, ಟೈಪಿಂಗ್ ಶಾಲೆ, ಫೋಟೋ ಸ್ಟುಡಿಯೋಗಳಿಗೆ ಬಂದ ಯಂತ್ರಗಳು ಹೆಚ್ಚಾಗಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಮೈಸೂರಿನಲ್ಲೋ ಜೋಡಿಸಿದವು. ಕೆಟ್ಟಾಗ ಕ್ಯಾಬಿನೆಟ್ಟು ಮತ್ತೆ ಅದೇ ದಾರಿ ಹಿಡಿಯಬೇಕು. ಶ್ರೀರಂಗಪಟ್ಟಣದವರಿಗೆ ಮೈಸೂರು ಹದಿನೈದು ಕಿಲೋಮೀಟರು. ಅವರಿಗೂ ಪಾಂಡವಪುರದವರಿಗೂ ರೈಲಿದೆ. ಕೆ.ಆರ್. ಪೇಟೆ, ನಾಗಮಂಗಲ ಪಟ್ಟಣಗಳಿಗೆ ರೈಲು ನಿಲ್ದಾಣವಿಲ್ಲ, ಬಸ್ಸೇ ಗತಿ. ಹಳೆಯ ರಟ್ಟಿನ ಡಬ್ಬ, ಅದರೊಳಗಿನ ಥರ್ಮೋಕೋಲು, ಮೇಲೊಂದು ಪ್ಲಾಸ್ಟಿಕ್ ಹಗ್ಗ, ಇಷ್ಟೇ ಪ್ರಯಾಣದ ಏರ್ಪಾಡು. ಹಾಗಾಗಿ ಕಂಪ್ಯೂಟರು ಕೊಂಡವರು ಡಬ್ಬ ಎಸೆಯುತ್ತಿರಲಿಲ್ಲ.

ಹೊತ್ತೊಯ್ಯುವ ಕಂಪ್ಯೂಟರು ಹೊರದೇಶಗಳಿಗೆ ಇದಕ್ಕಿಂತ ಎಷ್ಟೋ ಮೊದಲೇ ಬಂದಿತ್ತು. 1981ರ ಆಸ್ಬರ್ನ್-1 ಸುಮಾರು 11 ಕಿಲೋ ತೂಗುತ್ತಿತ್ತು. ಐದು ಅಂಗುಲದ ಪರದೆ, ಹೊಲಿಗೆ ಯಂತ್ರದಂಥ ಮುಚ್ಚಳ, ಮೇಲೊಂದು ಹಿಡಿ. 1983ರಲ್ಲಿ ಬಂದ ಕಾಂಪ್ಯಾಕ್ ಪೋರ್ಟಬಲ್ ಅದಕ್ಕಿಂತಲೂ ಭಾರ. ಲ್ಯಾಪ್‌ಟಾಪ್ ಬಂದ ಮೇಲೆ ಈ ಜಾತಿ ಅಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಅಲ್ಲಿನ ಕಂಪನಿಯೊಂದರ ತಂತ್ರಜ್ಞರೂ ಕೂಡಿ ರೂಪಿಸಿದ ಸಿಂಪ್ಯೂಟರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಭೂದಾಖಲೆಯ ಕೆಲಸಕ್ಕೂ ಸರ್ಕಾರ ಅದನ್ನು ಬಳಸಿ ನೋಡಿತು, ಆದರೆ ಅದು ಊರೂರಿಗೆ ತಲುಪಲಿಲ್ಲ. ತಲುಪಿದ್ದು ಮತಯಂತ್ರ. 2004ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆದಾಗ ಮಸ್ಟರಿಂಗ್ ಕೇಂದ್ರದಿಂದ ಸಿಬ್ಬಂದಿ ಹಿಡಿಯುಳ್ಳ ಪೆಟ್ಟಿಗೆಗಳಲ್ಲಿ ಅದನ್ನು ಹಳ್ಳಿಹಳ್ಳಿಗೆ ಒಯ್ದರು. ಬ್ಯಾಟರಿಯಲ್ಲೇ ನಡೆಯುವ, ಒಂದೇ ಕೆಲಸ ಬಲ್ಲ ಯಂತ್ರ. ಪೆಟ್ಟಿಗೆಯ ಮಟ್ಟಿಗೆ ಹೇಳುವುದಾದರೆ ಇವೆಲ್ಲಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ್ದು ಅದೇ.

ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ಕಸುವು ಬೇಕಾದದ್ದು ಸ್ಟುಡಿಯೋದವರಿಗೆ. ಕ್ಯಾಸೆಟ್ಟಿನ ಕಾಲದಲ್ಲಿ ಮದುವೆಯ ವಿಡಿಯೋ ತಿಂಗಳು ಬಿಟ್ಟು ಕೈಗೆ ಬಂದರೂ ನಡೆಯುತ್ತಿತ್ತು. ಈಗ ಧಾರೆ ನಡೆಯುತ್ತಿರುವಾಗಲೇ ಮೂರು ನಾಲ್ಕು ಕ್ಯಾಮೆರಾಗಳ ಚಿತ್ರ ಮಿಕ್ಸ್ ಆಗಿ ಛತ್ರದ ಎಲ್‌ಇಡಿ ಪರದೆಗೆ ಹೋಗಬೇಕು, ವಿದೇಶದಲ್ಲಿರುವ ನೆಂಟರಿಗಾಗಿ ಯೂಟ್ಯೂಬಿಗೂ ಹೋಗಬೇಕು, ಜೊತೆಗೆ ರೆಕಾರ್ಡೂ ಆಗಬೇಕು. ಆರತಕ್ಷತೆ ಒಂದು ಊರಲ್ಲಿ, ಬೀಗರೂಟ ಇನ್ನೊಂದು ಊರಲ್ಲಿ. ಲ್ಯಾಪ್‌ಟಾಪ್ ಸಾಲದೇ ಎಂದರೆ, ಹಲವರಿಗೆ ಸಾಕು. ಆದರೆ ಗಂಟೆಗಟ್ಟಲೆ ಒಂದೇ ಸಮ ದುಡಿಸಿದರೆ ಬಿಸಿಯೇರಿ ವೇಗ ತಗ್ಗಿಸುತ್ತದೆ. 2022ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು 450 ವ್ಯಾಟ್ ಎಳೆಯುತ್ತದೆ. ಅದೇ ಅಂಕಿ ಹೊತ್ತ ಲ್ಯಾಪ್‌ಟಾಪ್ ಚಿಪ್ಪಿಗೆ ಸಿಗುವುದು ಅದರ ಅರ್ಧಕ್ಕೂ ಕಡಿಮೆ.

ಡೆಸ್ಕ್‌ಟಾಪನ್ನೇ ಕುಗ್ಗಿಸುವ ದಾರಿ ತೆರೆದದ್ದು ತೈವಾನಿನ ಕಂಪನಿಗಳು. ವಿಯಾ 2001ರಲ್ಲಿ 170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡನ್ನು ತಂದಿತು. ಅದೇ ವರ್ಷ ಶಟಲ್ ಕಂಪನಿ ಪಾದರಕ್ಷೆಯ ಡಬ್ಬದಷ್ಟೇ ದೊಡ್ಡದಾದ, ಮದರ್‌ಬೋರ್ಡ್, ಎಸ್‌ಎಂಪಿಎಸ್ ಕೂರಿಸಿದ ಪೆಟ್ಟಿಗೆಯನ್ನು ಮಾರಿತು. ಆಮೇಲೆ ಹವ್ಯಾಸಿಗಳೇ ವಿನ್ಯಾಸಕ್ಕೆ ಇಳಿದು, ಜನರಿಂದ ಮುಂಗಡ ಹಣ ಕೂಡಿಸಿ ಪೆಟ್ಟಿಗೆ ಮಾಡಿಸತೊಡಗಿದರು. ಪೆಟ್ಟಿಗೆ ಹಿಡಿಯುವ ಜಾಗವನ್ನು ಲೀಟರಿನಲ್ಲಿ ಅಳೆದರೆ 2013ರ ಎನ್‌ಕೇಸ್ ಎಂ1 ಹನ್ನೆರಡೂವರೆ ಲೀಟರಿನ ಸುಮಾರಿನದು, ಡ್ಯಾನ್ ಎ4 ಕೇವಲ ಏಳು ಲೀಟರಿನ ಆಸುಪಾಸಿನದು. ಮಾಮೂಲಿ ಎಟಿಎಕ್ಸ್ ಕ್ಯಾಬಿನೆಟ್ಟು ನಲವತ್ತು ಲೀಟರು ದಾಟುತ್ತದೆ.

ಲೀಟರು ಕಡಿಮೆಯಾದಷ್ಟೂ ಷರತ್ತು ಹೆಚ್ಚು. ಮೇಲೆ ಹೇಳಿದ ಕಾರ್ಡಿನ ಉದ್ದವೇ 304 ಮಿ.ಮೀ., ದಪ್ಪ 61. ಮೊದಲು ಕಾರ್ಡು ಅಳೆದು ಆಮೇಲೆ ಪೆಟ್ಟಿಗೆ ನೋಡಬೇಕು. ಪ್ರೊಸೆಸರ್ ಮೇಲಿನ ಫ್ಯಾನಿನ ಎತ್ತರ ಪಕ್ಕದ ತಗಡಿಗೆ ತಾಗಬಾರದು. ಎಸ್‌ಎಂಪಿಎಸ್ ಎಸ್‌ಎಫ್‌ಎಕ್ಸ್ ಅಳತೆಯದಾಗಿರಬೇಕು, ಅಂದರೆ 125×63.5×100 ಮಿ.ಮೀ. ಈ ಕೊನೆಯದು ಕಾಗದದ ಮೇಲೆ ಸಣ್ಣ ವಿಷಯ, ಹಳ್ಳಿಗಾಡಿನಲ್ಲಿ ದೊಡ್ಡದು. ಮೊದಲು ಸುಡುವ ಭಾಗಗಳಲ್ಲಿ ಎಸ್‌ಎಂಪಿಎಸ್ ಒಂದು, ವೋಲ್ಟೇಜ್ ಏರಿಳಿಯುವ ಕಡೆ ಇನ್ನೂ ಬೇಗ. ಮಾಮೂಲಿ ಅಳತೆಯದಾದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಸಂಜೆಯೊಳಗೆ ಸಿಕ್ಕೀತು. ಎಸ್‌ಎಫ್‌ಎಕ್ಸ್ ಆದರೆ ತರಿಸಿಕೊಳ್ಳುವಷ್ಟರಲ್ಲಿ ಮುಹೂರ್ತ ಮುಗಿದಿರುತ್ತದೆ.

ಧೂಳಿನದು ಬೇರೆಯೇ ಲೆಕ್ಕ. ಕಬ್ಬಿನ ಸೀಮೆ ಇದು. ಆಲೆಮನೆಯ ಒಲೆಗೆ ಸಿಪ್ಪೆ ಹಾಕಿ ಉರಿಸುವ ಕಾಲದಲ್ಲಿ ಕಪ್ಪು ಹಗುರ ಬೂದಿ ಗಾಳಿಯಲ್ಲಿ ತೇಲುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಫ್ಯಾನು ಜೋರಾಗಿ ಸುತ್ತುತ್ತದೆ, ಹೆಚ್ಚು ಗಾಳಿ ಎಳೆಯುತ್ತದೆ, ಅದರ ಜೊತೆ ಬೂದಿಯನ್ನೂ. ಕಳಚಿ ತೊಳೆಯಬಹುದಾದ ಜಾಲರಿ ಇಲ್ಲದ ಪೆಟ್ಟಿಗೆ ಎಷ್ಟೇ ಅಂದವಾಗಿದ್ದರೂ ಇಲ್ಲಿಗೆ ಬೇಡ. ಗಾಜಿನ ಬಾಗಿಲೂ ಅಷ್ಟೆ. ಗೂಡ್ಸ್ ಆಟೋದ ಹಿಂದೆ ಸ್ಪೀಕರಿನ ಪಕ್ಕ ಕುಳಿತು ಹೋಗುವ ಯಂತ್ರಕ್ಕೆ ಅದು ಅಲಂಕಾರವಲ್ಲ, ಅಪಾಯ. ಭಾರದ ಗ್ರಾಫಿಕ್ಸ್ ಕಾರ್ಡನ್ನು ಒಂದೇ ತುದಿಯಲ್ಲಿ ಬಿಗಿದು ಬಿಟ್ಟರೆ ರಸ್ತೆಯ ಕುಲುಕಿಗೆ ಸ್ಲಾಟು ಸಡಿಲವಾಗುತ್ತದೆ. ಇನ್ನೊಂದು ತುದಿಗೂ ಆಸರೆ ಬೇಕು; ಇಲ್ಲದಿದ್ದರೆ ಕಾರ್ಡನ್ನು ಕಳಚಿ ಬೇರೆ ಡಬ್ಬದಲ್ಲಿ ಒಯ್ಯುವುದು ಲೇಸು.

ಇವನ್ನೆಲ್ಲ ತೂಗಿ ನೋಡಿದರೆ ಏಳು ಲೀಟರಿನ ಪೆಟ್ಟಿಗೆ ವಿಮಾನದಲ್ಲಿ ಓಡಾಡುವವರಿಗೆ ಸರಿ. ನಾಗಮಂಗಲದಿಂದ ಬೆಳ್ಳೂರಿಗೋ ಕೆ.ಆರ್. ಪೇಟೆಯಿಂದ ಮೇಲುಕೋಟೆಗೋ ಹೋಗಿ ಸಂಜೆ ವಾಪಸಾಗುವ ಸ್ಟುಡಿಯೋದವನಿಗೆ ಇಪ್ಪತ್ತು ಇಪ್ಪತ್ತೈದು ಲೀಟರಿನ, 244 ಮಿ.ಮೀ. ಚೌಕದ ಮೈಕ್ರೋ-ಎಟಿಎಕ್ಸ್ ಮದರ್‌ಬೋರ್ಡ್ ಹಿಡಿಯುವ, ಮಾಮೂಲಿ ಎಸ್‌ಎಂಪಿಎಸ್ ಕೂರುವ, ಮೇಲೆ ಗಟ್ಟಿ ಹಿಡಿಯಿರುವ ತಗಡಿನ ಕ್ಯಾಬಿನೆಟ್ಟೇ ಸರಿಯಾದ ಆಯ್ಕೆ.