ಕೆಫೀನ್: ಕಾಫಿ ಗಿಡದ ರಕ್ಷಣಾ ಬಜೆಟ್

ಬೆಳಗ್ಗೆ ನಮ್ಮನ್ನು ಎಬ್ಬಿಸುವ ಕೆಫೀನ್ ಕಾಫಿ ಗಿಡದ ಪಾಲಿಗೆ ಕೀಟನಾಶಕ. ಅದರ ಒಂದು ಅಣುವಿಗೆ 4 ನೈಟ್ರೋಜನ್ ಪರಮಾಣು ಬೇಕು; ಬೆಳೆಯೋದಕ್ಕೂ ಅದೇ ನೈಟ್ರೋಜನ್ ಬೇಕಲ್ಲ! ಹಾಗಾಗಿ ಗಿಡ ಲೆಕ್ಕ ಹಾಕಿ ಖರ್ಚು ಮಾಡುತ್ತೆ: ಎಳೆ ಚಿಗುರಿಗೆ, ಬೀಜಕ್ಕೆ ಜಾಸ್ತಿ, ಬಲಿತ ಎಲೆಗೆ ಕಮ್ಮಿ. ಇಂಜಿನಿಯರಿಂಗ್ ಓದಿದ ನನಗೆ ಇದು ಪಕ್ಕಾ ಬಜೆಟ್ ಥರವೇ ಕಾಣುತ್ತೆ. ರೊಬಸ್ಟಾ ಬೀಜದಲ್ಲಂತೂ ಅರೇಬಿಕಾಕ್ಕಿಂತ ಸುಮಾರು 2 ಪಟ್ಟು ಕೆಫೀನ್.

ಆದರೆ ಬೇಲೂರು ಕಡೆಯ ಅರೇಬಿಕಾ ತೋಟಗಳನ್ನು ಕಾಡುವ ಬಿಳಿ ಕಾಂಡಕೊರಕ ಎಲೆಯ ತಂಟೆಗೇ ಹೋಗಲ್ಲ. ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತೆ. ಮರಿಹುಳು ಕಾಂಡ ಕೊರೆಯುತ್ತೆ. ಬಿಸಿಲು ಬೀಳುವ ಗಿಡವೇ ಅದಕ್ಕೆ ಇಷ್ಟ. ಮರದ ದುಡ್ಡಿನ ಆಸೆಗೆ ನೆರಳು ಕಡಿದವರು ಕೊರಕಕ್ಕೆ ಬಾಗಿಲು ತೆರೆದಂತೆ. ಆಮೇಲೆ ಗಿಡ ಕಿತ್ತು ಸುಡೋದೊಂದೇ ದಾರಿ.