ಪೇಟೆಯ ಮನೆತನಗಳ ಮೂಲ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಹಲವು ತಲೆಮಾರುಗಳಿಂದ ನೆಲೆಸಿರುವವರನ್ನು ‘ತಮ್ಮ ಮೂಲಸ್ಥಳವಾವುದು?’ ಎಂದು ಕೇಳಿದರೆ, ಬಹುಮಂದಿ ‘ಇದೇ ಊರು’ ಎನ್ನುವರು. ಆದರೆ ಎಷ್ಟೋ ಮಂದಿಯ ಕುಲದೇವರ ಗುಡಿ ದೂರದ ಸೀಮೆಯಲ್ಲಿರುತ್ತದೆ. ಅಡುಗೆಮನೆಯ ಮಾತು ಬೀದಿಯ ಮಾತಿಗಿಂತ ಬೇರೆಯಾಗಿರುತ್ತದೆ. ಇವೆರಡರಲ್ಲಿ ಯಾವುದು ದಿಟವೆಂಬುದನ್ನು ನಾವು ವಿಚಾರಿಸೋಣ.

1537ರಲ್ಲಿ ಕೆಂಪೇಗೌಡನು ಕೋಟೆಯನ್ನು ಕಟ್ಟಿಸಿ, ಪೇಟೆಗಳನ್ನು ಏರ್ಪಡಿಸಿ, ವರ್ತಕರನ್ನೂ ಕಸುಬುದಾರರನ್ನೂ ಕರೆಸಿ ನೆಲೆಗೊಳಿಸಿದನು. ಎಂದರೆ, ಪೇಟೆಯು ಹುಟ್ಟಿದುದೇ ಬಂದವರಿಂದ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಊರನ್ನು ಗೆದ್ದ ಬಳಿಕ ಅದು ಷಹಾಜಿಗೆ ಜಹಗೀರಾಗಿ ಸಂದಿತು. ಅವನ ಪರಿವಾರದೊಡನೆ ಮರಾಠಿ ಮನೆಮಾತಿನ ಕುಟುಂಬಗಳು ಬಂದವು. ಅವನ ಮಗ ಏಕೋಜಿಯ ದತ್ತಿಯನ್ನು ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯದ 1669ರ ಶಾಸನವು ಹೇಳುತ್ತದೆ. 1800ರಲ್ಲಿ ಇಲ್ಲಿಗೆ ಬಂದ ಬುಕನನ್ ಸಾಹೇಬರು ನೇಕಾರರಲ್ಲಿಯೇ ಪಟ್ಟೆಗಾರರು, ಖತ್ರಿಗಳು, ಕನ್ನಡ ದೇವಾಂಗರು, ತೆಲುಗು ದೇವಾಂಗರು ಎಂದು ಬೇರೆಬೇರೆಯಾಗಿ ಎಣಿಸಿದರು.

ಹೀಗೆ ಬಂದವರು ಬೇರೂರಿದ ಬಗೆಗೆ ತಿಗಳರ ಕರಗವೇ ಸಾಕ್ಷಿ. ತಮಿಳು ಸೀಮೆಯ ನಂಟುಳ್ಳ ಈ ತೋಟಗಾರರ ಧರ್ಮರಾಯ ದೇವಾಲಯದಿಂದ ಚೈತ್ರ ಪೂರ್ಣಿಮೆಯ ಇರುಳು ಹೊರಡುವ ಕರಗವು ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಒಂದು ಕುಲದ ವ್ರತವು ಇಡೀ ನಗರದ ಹಬ್ಬವಾಗಿದೆ.

ತಮ್ಮ ಮನೆತನದ ಮೂಲವನ್ನು ಅರಸುವವರು ಹತ್ತಿರದಿಂದ ದೂರಕ್ಕೆ ನಡೆಯತಕ್ಕದ್ದು. ‘ನಮ್ಮ ಹಿರಿಯರು ದಂಡಿನೊಡನೆ ಬಂದರು’ ಎಂಬ ಕಥೆಯನ್ನು ಒಮ್ಮೆಗೇ ನಂಬಲೂ ಬಾರದು, ತಳ್ಳಿಬಿಡಲೂ ಬಾರದು. ಮೊದಲು ಮನೆಯ ಕ್ರಯಪತ್ರ, ವಿಭಾಗಪತ್ರಗಳನ್ನು ನೋಡಬೇಕು. ಬಳಿಕ ಕುಲದೇವರ ಊರನ್ನು ವಿಚಾರಿಸಬೇಕು. ಹಿರಿಯರು ಕಾಶಿ ಗಯೆಗಳಿಗೆ ಹೋಗಿದ್ದರೆ ಅಲ್ಲಿನ ಪುರೋಹಿತರ ವಹಿಗಳಲ್ಲಿ ಅವರ ಹೆಸರು, ಊರುಗಳು ದೊರೆಯಬಹುದು. ಮನೆಯ ಮುದುಕಿಯರ ಮಾತಿನಲ್ಲಿ ಉಳಿದ ಒಂದೆರಡು ಪದಗಳು ಕೂಡ ದಾರಿ ತೋರಬಲ್ಲವು.

ಆದರೆ ಈ ಸಾಧನಗಳು ಬೇಗಬೇಗನೆ ಅಳಿಯುತ್ತಿವೆ. ಮೋಡಿ ಲಿಪಿಯ ಹಳೆಯ ಲೆಕ್ಕಗಳನ್ನು ಓದಬಲ್ಲವರು ವಿರಳ. ಮನೆ ಪಾಲಾದಾಗ ಪಾತ್ರೆ ಪದಾರ್ಥಗಳನ್ನು ತೂಗಿ ಹಂಚಿಕೊಳ್ಳುವೆವು. ಕಾಗದದ ಕಟ್ಟನ್ನು ಮಾತ್ರ ರದ್ದಿಗೆ ಹಾಕುವೆವು. ಅದರೊಡನೆ, ನಾವೂ ಒಂದು ಕಾಲದಲ್ಲಿ ಹೊರಗಿನಿಂದ ಬಂದವರೆಂಬ ನೆನಪು ಹೋಗುತ್ತದೆ. ನೆನ್ನೆ ಬಂದವನನ್ನು ‘ಪರಸ್ಥಳದವನು’ ಎಂದು ಜರೆಯುವುದು ಸುಲಭವಾಗುತ್ತದೆ. ‘ಇದೇ ಊರು’ ಎಂಬ ಉತ್ತರವೂ ದಿಟ, ದೂರದ ಗುಡಿಯೂ ದಿಟ. ಎರಡನ್ನೂ ಮಕ್ಕಳಿಗೆ ಹೇಳುವ ಹೊಣೆ ನಮ್ಮದು.