ಪರದೆ (ಮನೆಯ ಚಿತ್ರಮಂದಿರ)
ಪ್ರೊಜೆಕ್ಟರಿನ ಬೆಳಕನ್ನು ನೋಡುಗರತ್ತ ಮರಳಿಸುವ ಹಾಸು. ಮರಳಿಸುವ ಪ್ರಮಾಣಕ್ಕೆ ಗೇನ್ ಎನ್ನುತ್ತಾರೆ. ಹೊಳಪಿಲ್ಲದ ಬಿಳಿ ಪರದೆಯದು ಸುಮಾರು 1.0. ಗೇನ್ ಬಹಳ ಹೆಚ್ಚಿದರೆ ನಡುವೆ ಕೂತವರಿಗೆ ಚಿತ್ರ ಬೆಳಗುತ್ತದೆ, ಬದಿಯವರಿಗೆ ಮಂಕಾಗುತ್ತದೆ.

ಪರದೆಗಿಂತ ಮೊದಲು ಬೇಕಾದದ್ದು ಕತ್ತಲೆ. ಟೂರಿಂಗ್ ಟಾಕೀಸಿನವರು ಹೊತ್ತು ಮುಳುಗಿದ ಮೇಲೆಯೇ ಆಟ ಶುರುಮಾಡುತ್ತಿದ್ದುದು ಅದಕ್ಕೇ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಾಗಲಿ ದಾವಣಗೆರೆಯಲ್ಲಾಗಲಿ, ಹಗಲು ಕಿಟಕಿ ತೆರೆದ ಪಡಸಾಲೆಯಲ್ಲಿ ಬಿಳಿ ಪರದೆ ಸೋಲುತ್ತದೆ. ಕಪ್ಪು ಬೂದಿಬಣ್ಣವಾಗಿ ಕಾಣುತ್ತದೆ. ಸುತ್ತಲ ಬೆಳಕನ್ನು ತಡೆಯುವ ಬೂದುಬಣ್ಣದ ಪರದೆಗಳಿವೆ, ದುಬಾರಿ. ದಪ್ಪ ಕರ್ಟನ್ನೇ ಅಗ್ಗದ ಉಪಾಯ.

16:9 ಅನುಪಾತದ 100 ಇಂಚಿನ ಪರದೆ ಸುಮಾರು 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ, ಮೂರರಿಂದ ನಾಲ್ಕು ಮೀಟರ್ ದೂರ ಕೂರಬೇಕು. ಸುರುಳಿ ಪರದೆಯ ಅಂಚು ಕ್ರಮೇಣ ಮುದುಡಬಹುದು. ಜಾಗವಿದ್ದರೆ ಚೌಕಟ್ಟಿಗೆ ಬಿಗಿದದ್ದೇ ಲೇಸು.